ಮಗಳು ಕಂಡಕ್ಟರ್ ಆಗ್ತೀನಿ ಅಂತಿದ್ದಾಳೆ. ಬಸ್ಸಿಗಲ್ಲ, ಆರ್ಕೆಸ್ಟ್ರಾಕ್ಕೆ!

ವಿದ್ಯಾನಗರದ ಅಪ್ಪ
ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಕಡೆಯವರು ಜಾಸ್ತಿ ಇರುವ ಜಾಗ ಅಂತ ಇಲ್ಲಿ ಕೇಳ್ತಿದ್ದೇನೆ. ದಯವಿಟ್ಟು ನಗಬೇಡಿ.

ಮಗಳು ಎರಡನೇ ಪಿಯುಸಿ, ಸೈನ್ಸ್. ಏಳು ವರ್ಷದವಳಿದ್ದಾಗಿನಿಂದ ಪಿಟೀಲು ಕಲಿಯುತ್ತಿದ್ದಾಳೆ, ಕರ್ನಾಟಕ ಸಂಗೀತ. ಎರಡು ವರ್ಷದಿಂದ ಮನೆಯಲ್ಲಿ ಕೀಬೋರ್ಡೂ ಇದೆ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ "ಅಪ್ಪಾ, ನಾನು ಕಂಡಕ್ಟರ್ ಆಗ್ತೀನಿ" ಅಂದಳು. ರೊಟ್ಟಿ ಮುರಿಯುತ್ತಿದ್ದ ನಮ್ಮಮ್ಮ ಕೈ ನಿಲ್ಲಿಸಿ, "ಸರ್ಕಾರಿ ಕೆಲಸ ಒಳ್ಳೇದೇ ಕಣವ್ವಾ, ಆದ್ರೆ ನೈಟ್ ಹಾಲ್ಟ್ ಹಾಕಿದ್ರೆ ಏನು ಮಾಡ್ತೀಯಾ" ಅಂದರು.

ಆಮೇಲೆ ಮಗಳು ಫೋನಿನಲ್ಲಿ ತೋರಿಸಿದಳು. ಸುಮಾರು ತೊಂಬತ್ತು ಜನ ಕೂತು ನುಡಿಸುತ್ತಿದ್ದಾರೆ. ಮುಂದೆ ಕರಿ ಕೋಟಿನವನೊಬ್ಬ ನಮ್ಮ ಕಡೆ ಬೆನ್ನು ಮಾಡಿಕೊಂಡು ಸಣ್ಣ ಕಡ್ಡಿ ಬೀಸುತ್ತಿದ್ದಾನೆ. ಮುಗಿದ ಮೇಲೆ ಚಪ್ಪಾಳೆ ಎಲ್ಲ ಅವನಿಗೇ! ಇವರು ಇವತ್ತು ಲಂಡನ್, ನಾಳಿದ್ದು ಟೋಕಿಯೊ ಅಂತ ತಿರುಗುತ್ತಲೇ ಇರುತ್ತಾರಂತೆ.

ನನಗೆ ಬಟ್ಟೆ ಅಂಗಡಿ ಬಿಟ್ಟರೆ ಬೇರೆ ಗೊತ್ತಿಲ್ಲ. ಆ ಮನುಷ್ಯ ನಿಜವಾಗಿ ಏನಾದ್ರೂ ಮಾಡ್ತಾನಾ? ನಮ್ಮ ಕಡೆಯಿಂದ ಯಾರಾದ್ರೂ ಹೀಗೆ ಆಗಿದ್ದಾರಾ? ಇದಕ್ಕೆ ಏನು ಓದಬೇಕು? ಗೊತ್ತಿದ್ದವರು ಹೇಳಿ.

ಬೆಣ್ಣೆದೋಸೆ ಭಕ್ತ
ಭಾನುವಾರ ರಾತ್ರಿ 9:22

ಅಣ್ಣಾ, ನಮ್ಮೂರಲ್ಲಿ ಆರ್ಕೆಸ್ಟ್ರಾ ಅಂದ್ರೆ ಗಣೇಶನ ಪೆಂಡಾಲು, ಎರಡು ಕೀಬೋರ್ಡು, ಒಂದು ಪ್ಯಾಡು, ರಾತ್ರಿ ಹತ್ತಕ್ಕೆ ಪೊಲೀಸರು ಬಂದು ಮೈಕ್ ಆಫ್. ಅದಕ್ಕೂ ಕಂಡಕ್ಟರ್ ಬೇಕು ಅಂತ ಇವತ್ತೇ ಗೊತ್ತಾಗಿದ್ದು.

ಆದರೆ ನಿಮ್ಮಮ್ಮ ಪೂರ್ತಿ ತಪ್ಪು ಹೇಳಿಲ್ಲ. ಎರಡೂ ಕಂಡಕ್ಟರ್ ಕೆಲಸ ಒಂದೇ. ಗಾಡಿ ಓಡಿಸೋದು ಬೇರೆಯವರು, "ರೈಟ್" ಅನ್ನೋದು ಮಾತ್ರ ಇವರು.

ಹತ್ತಿಗಿರಣಿ
ಭಾನುವಾರ ರಾತ್ರಿ 9:51

ಊರಿನಲ್ಲಿ ಎರಡು ಮೆಡಿಕಲ್ ಕಾಲೇಜಿವೆ. ಮಗು ಸೈನ್ಸ್ ಓದುತ್ತಿದೆ. ನೀಟ್ ಬರೆಸಿ. ಸಂಗೀತ ಸಂಜೆ ಹೊತ್ತಿಗೆ ಇರಲಿ. ಬೆನ್ನು ತೋರಿಸಿ ನಿಂತವನಿಗೆ ದುಡ್ಡು ಕೊಡುವವರು ಯುರೋಪಿನಲ್ಲಿರಬಹುದು, ಹದಡಿ ರಸ್ತೆಯಲ್ಲಿ ಇಲ್ಲ.

ಬರ್ಲಿನ್‌ನಲ್ಲಿ ಹರಿಹರದವ
ಸೋಮವಾರ ಬೆಳಗ್ಗೆ 3:15 (ಇಲ್ಲಿ ಇನ್ನೂ ಭಾನುವಾರ)

ಹತ್ತಿಗಿರಣಿ ಅವರೇ, ನೀವು ಮೆಡಿಕಲ್ ಎತ್ತಿದ್ದೇ ಒಳ್ಳೇದಾಯ್ತು. ಈ ವಿಷಯದಲ್ಲಿ ಭಾರತದಿಂದ ಹೋಗಿ ಅತಿ ಎತ್ತರಕ್ಕೆ ಏರಿದವರು ಜುಬಿನ್ ಮೆಹ್ತಾ. ಅವರು ಬಿಟ್ಟು ಹೋಗಿದ್ದೂ ಡಾಕ್ಟರ್ ಓದನ್ನೇ!

1936ರಲ್ಲಿ ಮುಂಬೈನ ಪಾರ್ಸಿ ಮನೆಯಲ್ಲಿ ಹುಟ್ಟಿದರು. ಅಪ್ಪ ಮೆಹ್ಲಿ ಮೆಹ್ತಾ ಪಿಟೀಲು ವಾದಕರು, ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದವರು. ಅಂದರೆ ಮನೆಯಲ್ಲೇ ಆರ್ಕೆಸ್ಟ್ರಾ ಇತ್ತು, ಅದು ನಿಜ. ನಮ್ಮ ನಿಮ್ಮ ಮನೆ ಹಾಗಿಲ್ಲ. 1954ರಲ್ಲಿ, 18ನೇ ವಯಸ್ಸಿಗೆ ವಿಯೆನ್ನಾಕ್ಕೆ ಹೋದರು. ಹಾನ್ಸ್ ಸ್ವರೊವ್ಸ್ಕಿ ಅನ್ನುವ ಗುರುಗಳ ಹತ್ತಿರ ಕಂಡಕ್ಟಿಂಗ್ ಕಲಿತರು. ಜೊತೆಗೆ ಡಬಲ್ ಬಾಸ್ ನುಡಿಸುತ್ತಿದ್ದರು. ಆಳೆತ್ತರದ ಪಿಟೀಲು ಅಂದ್ಕೊಳ್ಳಿ, ನಿಂತು ನುಡಿಸಬೇಕು.

ನನಗೆ ತುಂಬ ಇಷ್ಟವಾದ ಕತೆ ಒಂದಿದೆ. ದೊಡ್ಡ ದೊಡ್ಡ ಕಂಡಕ್ಟರುಗಳು ರಿಹರ್ಸಲ್ ಮಾಡಿಸುವುದನ್ನು ನೋಡಲು ವಿದ್ಯಾರ್ಥಿಗಳನ್ನು ಒಳಗೆ ಬಿಡುತ್ತಿರಲಿಲ್ಲ. ಮೆಹ್ತಾ ಮತ್ತು ಅವರ ಸಹಪಾಠಿ ಕ್ಲಾಡಿಯೊ ಅಬಾಡೊ ಏನು ಮಾಡಿದರು ಗೊತ್ತಾ? ಕೋರಸ್ ಹಾಡುವ ಗುಂಪಿಗೆ ಸೇರಿಕೊಂಡರು. ಕೋರಸ್ಸಿನವರು ನಿಲ್ಲೋದು ಆರ್ಕೆಸ್ಟ್ರಾದ ಹಿಂದೆ. ಅಲ್ಲಿಂದ ಬ್ರೂನೊ ವಾಲ್ಟರ್, ಕಾರಾಯನ್ ಇಂಥವರ ಮುಖ ನೇರವಾಗಿ ಕಾಣುತ್ತೆ. ಆ ಅಬಾಡೊ ಮುಂದೆ ಬರ್ಲಿನ್ ಫಿಲ್ಹಾರ್ಮೊನಿಕ್ ಅನ್ನುವ ದೊಡ್ಡ ಆರ್ಕೆಸ್ಟ್ರಾದ ಮುಖ್ಯಸ್ಥರಾದರು.

ಅದೇ ಕೆಲಸ ನಾನೂ ಮಾಡ್ತೀನಿ, ಹಾಡೋದೊಂದು ಬಿಟ್ಟು. ಬರ್ಲಿನ್‌ನ ಫಿಲ್ಹಾರ್ಮೊನಿ ಹಾಲ್‌ನಲ್ಲಿ ಪ್ರೇಕ್ಷಕರು ಸುತ್ತಲೂ ಕೂರುತ್ತಾರೆ. ಕೋರಸ್ ಇಲ್ಲದ ದಿನ ವಾದಕರ ಬೆನ್ನ ಹಿಂದಿನ ಬೆಂಚುಗಳನ್ನು ಕಡಿಮೆ ದುಡ್ಡಿಗೆ ಮಾರುತ್ತಾರೆ. ಮೊದಲ ಸಲ ಅಲ್ಲಿ ಕೂತ ದಿನ ನನ್ನ ಅಭಿಪ್ರಾಯವೇ ಬದಲಾಯ್ತು. ಹಿಂದಿನಿಂದ ನೋಡಿದರೆ ಕೈ ಬೀಸಾಟ ಅನಿಸುತ್ತೆ ಅಲ್ವಾ? ಎದುರಿನಿಂದ ನೋಡಿದರೆ ಕೈಗಿಂತ ಜಾಸ್ತಿ ಕೆಲಸ ಮಾಡೋದು ಕಣ್ಣು. ಕೊಂಬು ಊದುವವನು ಶುರು ಮಾಡಲು ಇನ್ನೂ ಎರಡು ಆವರ್ತ ಇರುವಾಗಲೇ ಅವನನ್ನು ನೋಡುತ್ತಾರೆ. ಅವನು ಉಸಿರು ಎಳೆದುಕೊಳ್ಳುತ್ತಾನೆ. ಇವರೂ ಎಳೆದುಕೊಳ್ಳುತ್ತಾರೆ. ಆಮೇಲೆ ನೋಟ ಬೇರೆ ಕಡೆಗೆ. ಅವನು ನುಡಿಸುವಾಗ ಇವರು ಅವನ ಕಡೆ ನೋಡುತ್ತಲೇ ಇರಲಿಲ್ಲ.

ದುರ್ಗದ ಟೀಚರ್
ಸೋಮವಾರ ಬೆಳಗ್ಗೆ 7:30

ಚಿತ್ರದುರ್ಗದಲ್ಲಿ ಮಕ್ಕಳಿಗೆ ಪಿಯಾನೊ, ಪಿಟೀಲು ಹೇಳಿಕೊಡುತ್ತೇನೆ. "ಆ ಮನುಷ್ಯ ಏನಾದ್ರೂ ಮಾಡ್ತಾನಾ" ಅನ್ನುವ ಪ್ರಶ್ನೆಗೆ ನನ್ನ ಕಡೆಯಿಂದ.

ಕಂಡಕ್ಟರ್ ಮುಂದೆ ಒಂದು ದೊಡ್ಡ ಪುಸ್ತಕ ಇರುತ್ತೆ, ಸ್ಕೋರ್ ಅಂತಾರೆ. ವಾದಕರ ಮುಂದೆ ಅವರವರ ಗೆರೆ ಮಾತ್ರ. ಕೊಳಲಿನವರಿಗೆ ಕೊಳಲಿನದು, ತಮಟೆಯವರಿಗೆ ತಮಟೆಯದು. ಎಲ್ಲರ ಗೆರೆಗಳೂ ಒಂದರ ಕೆಳಗೊಂದು ಇರುವುದು ಸ್ಕೋರಿನಲ್ಲಿ ಮಾತ್ರ. ಒಂದೇ ಪುಟದಲ್ಲಿ ಹದಿನೈದು, ಇಪ್ಪತ್ತು ಸಾಲು. ಅದನ್ನು ಮೇಲಿಂದ ಕೆಳಕ್ಕೆ ಒಟ್ಟಿಗೆ ಓದಿ ಕಿವಿಯಲ್ಲಿ ಕೇಳಿಸಿಕೊಳ್ಳಬೇಕು, ಅದೂ ಮನೆಯಲ್ಲಿ ಒಬ್ಬರೇ ಕೂತು. ಕೆಲಸದ ಮುಕ್ಕಾಲು ಭಾಗ ಅಲ್ಲೇ ಮುಗಿದಿರುತ್ತೆ. ವೇದಿಕೆ ಮೇಲೆ ನೀವು ನೋಡೋದು ಕೊನೆಯ ಕಾಲು ಭಾಗ.

ಕೈಯಲ್ಲಿ ತಾಳದ ಲೆಕ್ಕ ಇದೆ. ನಾಲ್ಕರ ತಾಳಕ್ಕೆ ಬಲಗೈ ಕೆಳಗೆ, ಎಡಕ್ಕೆ, ಬಲಕ್ಕೆ, ಮೇಲಕ್ಕೆ. ಮೂರಕ್ಕೆ ಕೆಳಗೆ, ಬಲಕ್ಕೆ, ಮೇಲಕ್ಕೆ. ಇದನ್ನು ನಿಮ್ಮ ಮಗಳು ಅರ್ಧ ಗಂಟೆಯಲ್ಲಿ ಕಲಿಯುತ್ತಾಳೆ. ಕಷ್ಟ ಇರೋದು ಎತ್ತುಗಡೆಯಲ್ಲಿ. ನಾವು ಕಛೇರಿಯಲ್ಲಿ ಹಾಕುವ ತಾಳ ನಡೆಯುತ್ತಿರುವುದನ್ನು ಎಣಿಸುತ್ತೆ. ಕಂಡಕ್ಟರ್ ಕೈ ಮುಂದೆ ಆಗಬೇಕಾದ್ದನ್ನು ಹೇಳುತ್ತೆ. ಎಷ್ಟು ವೇಗ, ಎಷ್ಟು ಜೋರು, ಯಾವ ಸ್ವಭಾವ, ಎಲ್ಲ ಮೊದಲ ಸ್ವರಕ್ಕಿಂತ ಮುಂಚಿನ ಆ ಒಂದು ಎತ್ತುವಿಕೆಯಲ್ಲೇ ಗೊತ್ತಾಗಬೇಕು.

ಬೀಥೋವನ್‌ನ ಐದನೇ ಸಿಂಫನಿ (ಆರ್ಕೆಸ್ಟ್ರಾಕ್ಕೆ ಅಂತ ಬರೆದ ದೊಡ್ಡ ಕೃತಿ) ಎಲ್ಲರಿಗೂ ಗೊತ್ತು, ಡ ಡ ಡ ಡಾಂ. ಅದು ಶುರುವಾಗೋದು ಸದ್ದಿನಿಂದ ಅಲ್ಲ, ಅರ್ಧ ಎಣಿಕೆಯ ಮೌನದಿಂದ. ಆ ಮೌನದ ಮೇಲೆ ಕೈ ಬೀಳಬೇಕು, ಆಮೇಲೆ ಎಲ್ಲರೂ ಒಟ್ಟಿಗೆ ಒಳಗೆ ಬರಬೇಕು. ಕಂಡಕ್ಟಿಂಗ್ ಕಲಿಯುವ ಮಕ್ಕಳು ಅಲ್ಲೇ ಬೆವರೋದು.

ಕ್ಲಾರಿನೆಟ್ ಮಾಸ್ಟರ್
ಸೋಮವಾರ ಮಧ್ಯಾಹ್ನ 1:05

ನಂದು ಮದುವೆ ಬ್ಯಾಂಡ್‌ಸೆಟ್, ಇಲ್ಲೇ ಹಳೇ ಊರಿನಲ್ಲಿ. ನಮ್ಮ ತಂದೆಯವರ ಕಾಲದಿಂದ ಇದೆ. ಹನ್ನೆರಡು ಜನ. ಎರಡು ಕ್ಲಾರಿನೆಟ್, ಮೂರು ಟ್ರಂಪೆಟ್, ಒಂದು ಯುಫೋನಿಯಂ, ಉಳಿದದ್ದು ಡ್ರಮ್ಮು, ತಾಳ. ಎರಡೂ ಕೈ ಕ್ಲಾರಿನೆಟ್ ಮೇಲೆ ಇರೋದ್ರಿಂದ ನಾನು ಹುಬ್ಬಿನಲ್ಲೇ ಹೇಳ್ತೀನಿ. ಹುಬ್ಬು ಏರಿದ್ರೆ ಪಲ್ಲವಿಗೆ ವಾಪಸ್. ಕ್ಲಾರಿನೆಟ್ ತುದಿ ಕೆಳಗೆ ಕುಕ್ಕಿದ್ರೆ ಮುಗಿಸು ಅಂತ. ನಲವತ್ತು ವರ್ಷದಿಂದ ನಡೆದಿದೆ.

ಟೀಚರ್ ಮೇಡಂ ತಪ್ಪು ತಿಳಿಯಬೇಡಿ. ನುಡಿಸದೇ ಇರೋನೊಬ್ಬ ಯಾಕೆ ಬೇಕು?

ಬರ್ಲಿನ್‌ನಲ್ಲಿ ಹರಿಹರದವ
ಸೋಮವಾರ ಸಂಜೆ 6:40

ಮಾಸ್ಟರ್, ನಿಮ್ಮ ಪ್ರಶ್ನೆ ಸರಿಯಾಗಿದೆ. ಮೊದಲು ಅಲ್ಲೂ ಹಾಗೇ ಇತ್ತು. ಮುಂದಿನ ಪಿಟೀಲಿನವರೋ ಕೀಬೋರ್ಡಿನಂಥ ವಾದ್ಯ ನುಡಿಸುವವರೋ ತಲೆ ಆಡಿಸಿ ನಡೆಸುತ್ತಿದ್ದರು. ಫ್ರಾನ್ಸಿನಲ್ಲಿ ಲುಲ್ಲಿ ಅನ್ನುವವರು ದೊಡ್ಡ ಕೋಲನ್ನು ನೆಲಕ್ಕೆ ಕುಟ್ಟಿ ತಾಳ ಹಾಕುತ್ತಿದ್ದರು. ಆ ಕೋಲು ಅವರ ಕಾಲಿಗೇ ಬಿತ್ತು, ಗಾಯ ಕೊಳೆಯಿತು, 1687ರಲ್ಲಿ ತೀರಿಕೊಂಡರು. ಆಮೇಲೆ ಬಂದ ಕಡ್ಡಿ ಇಷ್ಟು ಸಣ್ಣದಾಗಿದ್ದು ಒಳ್ಳೇದೇ ಆಯ್ತು.

ಈಗ ಲೆಕ್ಕ ಹಾಕಿ. ನಿಮ್ಮ ಹನ್ನೆರಡು ಜನ ಕೈಯಳತೆಯಲ್ಲಿ ನಿಂತಿರುತ್ತಾರೆ. ತೊಂಬತ್ತು ಜನರ ಆರ್ಕೆಸ್ಟ್ರಾದಲ್ಲಿ ಈ ತುದಿಯಿಂದ ಆ ತುದಿಗೆ 17 ಮೀಟರ್ ಆದ್ರೂ ಇರುತ್ತೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಅಂದರೆ ಆ ತುದಿಯ ಸದ್ದು ಈ ತುದಿಗೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತಡವಾಗಿ ಬರುತ್ತೆ. ಕೇಳಿಸಿಕೊಂಡು ನುಡಿಸಿದರೆ ಹಿಂದೆ ಬಿದ್ದೇ ಬೀಳುತ್ತಾರೆ. ಕೈಯನ್ನು ನೋಡಿ ನುಡಿಸಿದರೆ ಆ ತಡ ಇಲ್ಲ.

ದುಗ್ಗಮ್ಮನ ಜಾತ್ರೆ ಮೆರವಣಿಗೆ ನೆನಪು ಮಾಡಿಕೊಳ್ಳಿ. ಮುಂದಿನ ಡೊಳ್ಳಿಗೂ ಹಿಂದಿನ ಡೊಳ್ಳಿಗೂ ಪೆಟ್ಟು ಕೂಡಿ ಬರೋದೇ ಇಲ್ಲ. ಮಧ್ಯದಲ್ಲಿ ನಿಂತವರಿಗೆ ಎರಡೆರಡು ಕೇಳುತ್ತೆ.

ಕ್ಲಾರಿನೆಟ್ ಮಾಸ್ಟರ್
ಸೋಮವಾರ ಸಂಜೆ 7:02

ಡೊಳ್ಳಿನ ಮಾತು ನಿಜ. ಅದನ್ನ ನಾನೇ ಅನುಭವಿಸಿದ್ದೀನಿ. ನಮ್ಮ ಸೆಟ್ ಮಧ್ಯೆ ಸಿಕ್ಕಿಹಾಕಿಕೊಂಡು ಎರಡು ಕಡೆ ತಾಳಕ್ಕೂ ನುಡಿಸಲು ಆಗದೆ ಸುಮ್ನೆ ನಡೆದಿದ್ದೂ ಇದೆ.

ಪೇಟಿ ಮಾಸ್ಟರ್ ಮೊಮ್ಮಗ
ಸೋಮವಾರ ರಾತ್ರಿ 10:20

ನಮ್ಮಜ್ಜ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ದಾವಣಗೆರೆ ಅಂದರೆ ಕಂಪನಿ ನಾಟಕದ ಊರು, ಚಿಂದೋಡಿ ಮನೆತನದ ಕೆ.ಬಿ.ಆರ್. ಕಂಪನಿಯ ಹೆಸರು ಕೇಳದವರು ಇಲ್ಲಿ ಯಾರೂ ಇಲ್ಲ. ಅಜ್ಜ ಇದ್ದದ್ದು ಬೇರೆ, ಸಣ್ಣ ಕಂಪನಿ. ರಂಗದ ಪಕ್ಕದಲ್ಲಿ ಪೇಟಿ ಮಾಸ್ಟರ್ ಕೂರುವ ಜಾಗ ಇರುತ್ತಿತ್ತಲ್ಲ, ಅದೇ ನಿಮ್ಮ ಕಂಡಕ್ಟರ್ ಜಾಗ ಅನ್ನಬಹುದು. ನಟ ಮಾತು ಮರೆತು ತಡವರಿಸಿದರೆ ಅಜ್ಜ ಒಂದು ಸ್ವರ ಹಿಡಿದು ಎಳೆಯುತ್ತಿದ್ದರು. ನಟನ ಗಂಟಲು ಕಟ್ಟಿದ್ದರೆ ಹೇಳದೇ ಕೇಳದೇ ಒಂದು ಮನೆ ಕೆಳಗೆ ಇಳಿಸಿಬಿಡುತ್ತಿದ್ದರು.

ಅಜ್ಜನಿಗೆ ಆ ಜಾಗ ಸಿಕ್ಕಿದ್ದು ಹೇಗೆ ಅಂದರೆ, ದೊಡ್ಡ ಮಾಸ್ಟರಿಗೆ ಒಂದು ರಾತ್ರಿ ಚಳಿಜ್ವರ ಬಂತು. ತಬಲಾ ಹೊತ್ತು ತರುತ್ತಿದ್ದ ಹುಡುಗ ನಮ್ಮಜ್ಜ. ಎಲ್ಲ ರಂಗಗೀತೆ ಬಾಯಿಪಾಠ ಇತ್ತು. ಕೂರಿಸಿದರು. ಆಮೇಲೆ ಏಳಲೇ ಇಲ್ಲ.

ಅಲ್ಲಿ ವಿದೇಶದಲ್ಲೂ ಹೀಗೇ ನಡೆಯುತ್ತಾ, ಅಥವಾ ಎಲ್ಲ ಪರೀಕ್ಷೆ, ಸರ್ಟಿಫಿಕೇಟ್ ಮೇಲೆಯಾ?

ಬರ್ಲಿನ್‌ನಲ್ಲಿ ಹರಿಹರದವ
ಮಂಗಳವಾರ ಬೆಳಗ್ಗೆ 2:50

ನಿಮ್ಮಜ್ಜನ ಕತೆ ಓದಿ ನಿದ್ದೆ ಬಿಟ್ಟು ಬರೆಯುತ್ತಿದ್ದೇನೆ. ಅಲ್ಲೂ ಅದೇ ಕತೆ, ಸುಮ್ನೆ ಹೇಳ್ತಿಲ್ಲ.

1886, ರಿಯೊ ಡಿ ಜನೈರೊ. ಇಟಲಿಯ ಒಪೆರಾ ತಂಡ ಹೋಗಿದೆ, ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಕಂಡಕ್ಟರ್ ಜಗಳ ಆಡಿ ಬಿಟ್ಟಿದ್ದಾನೆ, ಬದಲಿಗೆ ಬಂದವರನ್ನು ಜನ ಕೂಗಿ ಓಡಿಸಿದ್ದಾರೆ. ಚೆಲ್ಲೊ ನುಡಿಸುತ್ತಿದ್ದ 19 ವರ್ಷದ ಹುಡುಗನನ್ನು ತಂಡದವರೇ ಮುಂದೆ ತಳ್ಳಿದರು. ಪುಸ್ತಕ ನೋಡದೆ ಐದಾ ಅನ್ನುವ ಇಡೀ ಒಪೆರಾ ನಡೆಸಿಬಿಟ್ಟ. ಅವನೇ ತೊಸ್ಕನೀನಿ. ಅವನಿಗೆ ದೃಷ್ಟಿ ಮಂದ, ಅದಕ್ಕೇ ಎಲ್ಲ ಬಾಯಿಪಾಠ.

1943, ನ್ಯೂಯಾರ್ಕ್. ಬ್ರೂನೊ ವಾಲ್ಟರಿಗೆ ಫ್ಲೂ. ಸಹಾಯಕ ಲೆನರ್ಡ್ ಬರ್ನ್‌ಸ್ಟೈನ್, ವಯಸ್ಸು 25, ರಿಹರ್ಸಲ್ ಇಲ್ಲದೆ ಮಧ್ಯಾಹ್ನ ವೇದಿಕೆ ಹತ್ತಿದ. ಕಾರ್ಯಕ್ರಮ ರೇಡಿಯೊದಲ್ಲಿ ದೇಶಕ್ಕೆಲ್ಲ ಹೋಗುತ್ತಿತ್ತು. ಸಂಜೆಯೊಳಗೆ ಅವನ ಹೆಸರು ಎಲ್ಲರ ಬಾಯಲ್ಲಿ.

ಇನ್ನು ನಮ್ಮ ಮೆಹ್ತಾ. 1958ರಲ್ಲಿ ಲಿವರ್‌ಪೂಲ್ ಸ್ಪರ್ಧೆ ಗೆದ್ದರು, ಒಂದು ವರ್ಷ ಅಲ್ಲಿ ಸಹಾಯಕ. ಅದಾದ ಮೇಲೆ ಹೇಳಿಕೊಳ್ಳುವಂಥ ಕೆಲಸ ಇಲ್ಲ. ಆಮೇಲೆ ಮಾಂಟ್ರಿಯಲ್‌ನಲ್ಲಿ ಮಾರ್ಕೆವಿಚ್‌ಗೆ ಹುಷಾರಿಲ್ಲ, ಬದಲಿಗೆ ಇವರು. ಲಾಸ್ ಏಂಜಲೀಸ್‌ನಲ್ಲಿ ರೈನರ್‌ಗೆ ಹುಷಾರಿಲ್ಲ, ಬದಲಿಗೆ ಇವರು. 1961ರಲ್ಲಿ ಇಸ್ರೇಲಿಗೆ ಮೊದಲ ಸಲ ಹೋಗಿದ್ದೂ ಆರ್ಮಂಡಿ ಬದಲಿಗೇ. ಮೂರು ಕಡೆಯೂ ಅವರನ್ನೇ ಇಟ್ಟುಕೊಂಡರು! ಮಾಂಟ್ರಿಯಲ್ 1961ರಿಂದ 67, ಲಾಸ್ ಏಂಜಲೀಸ್ 1962ರಿಂದ 78, ಆಮೇಲೆ ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ 1978ರಿಂದ 91. ಇಸ್ರೇಲ್ ಫಿಲ್ಹಾರ್ಮೊನಿಕ್ ಅಂತೂ 1981ರಲ್ಲಿ ಜೀವನಪರ್ಯಂತ ನಿರ್ದೇಶಕ ಅಂತ ಮಾಡಿತು, ಅವರೇ 2019ರಲ್ಲಿ 83ನೇ ವಯಸ್ಸಿಗೆ ಬಿಟ್ಟರು.

ಇದರಲ್ಲಿ ರಾಜಕೀಯವೂ ಉಂಟು. ಲಾಸ್ ಏಂಜಲೀಸ್‌ಗೆ ಮುಖ್ಯಸ್ಥ ಅಂತ ಆಗಲೇ ಗೊತ್ತಾಗಿದ್ದವರು ಗೆಯೋರ್ಗ್ ಸೋಲ್ಟಿ. ತನ್ನನ್ನು ಕೇಳದೆ ಈ ಹುಡುಗನನ್ನು ಸಹಾಯಕ ಮಾಡಿದ್ರಲ್ಲ ಅಂತ ಸಿಟ್ಟಾಗಿ ಸೋಲ್ಟಿ ಬರಲೇ ಇಲ್ಲ. ಸಹಾಯಕನಾಗಬೇಕಿದ್ದವನು 26ನೇ ವಯಸ್ಸಿಗೆ ಮುಖ್ಯಸ್ಥನೇ ಆಗಿಬಿಟ್ಟ. ಅದೃಷ್ಟ ಅನ್ನಿ. ಆದರೆ ಆ ವಾರ ಸ್ಕೋರ್ ತಲೆಯಲ್ಲಿ ಇಲ್ಲದಿದ್ದರೆ ಅದೃಷ್ಟ ಬಂದು ಬಾಗಿಲು ತಟ್ಟಿದ್ರೂ ಏನು ಪ್ರಯೋಜನ?

ಇನ್ನೊಂದು ಹೇಳ್ತೀನಿ, ನಮ್ಮೂರವರಿಗೆ ಬೇಕಾದ್ದು. ಮೆಹ್ತಾಗೆ ಹಸಿಮೆಣಸಿನಕಾಯಿ ಹುಚ್ಚು. ಜೇಬಿನಲ್ಲಿ ಡಬ್ಬಿಯಲ್ಲಿ ಇಟ್ಟುಕೊಂಡೇ ತಿರುಗುತ್ತಾರೆ, ದೊಡ್ಡ ಔತಣದಲ್ಲೂ ತೆಗೆದು ಕಚ್ಚುತ್ತಾರೆ. ಭಾರತದ ಪೌರತ್ವವನ್ನೂ ಬಿಡಲಿಲ್ಲ.

ಬೆಣ್ಣೆದೋಸೆ ಭಕ್ತ
ಮಂಗಳವಾರ ಬೆಳಗ್ಗೆ 8:11

ಹಾಗಾದ್ರೆ ಅವರನ್ನ ಒಂದು ಸಲ ಇಲ್ಲಿಗೆ ಕರೆಸಬೇಕಿತ್ತು. ಮಂಡಕ್ಕಿ, ಮೇಲೆ ಎರಡು ಮಿರ್ಚಿ. ಡಬ್ಬಿ ಮನೆಯಲ್ಲೇ ಬಿಟ್ಟು ಬರುತ್ತಿದ್ದರು.

ಹತ್ತಿಗಿರಣಿ
ಮಂಗಳವಾರ ಬೆಳಗ್ಗೆ 10:30

ನಾನು ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ. ಆದರೆ ಒಂದು ವಿಷಯ ಹೇಳಲೇಬೇಕು, ಇಷ್ಟು ಜನ ಬರೆದರೂ ಯಾರೂ ಎತ್ತಲಿಲ್ಲ. ಈ ಸಂಗೀತಕ್ಕೂ ನಮ್ಮ ರಾಜ್ಯಕ್ಕೂ ಸಂಬಂಧ ಇಲ್ಲ ಅನ್ನುವ ಹಾಗೆ ಮಾತಾಡುತ್ತಿದ್ದೀರಿ.

ಮೈಸೂರಿನ ಜಯಚಾಮರಾಜ ಒಡೆಯರ್ ಪಿಯಾನೊ ಬಲ್ಲವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಹೊಸದಾಗಿ ಹುಟ್ಟಿತ್ತು, ದುಡ್ಡಿಗೆ ಕಷ್ಟ. ಕೈಹಿಡಿದವರು ಒಡೆಯರ್. ಅದರ ಸಂಗೀತ ಕಛೇರಿ ಸಂಘಕ್ಕೆ ಮೊದಲ ಅಧ್ಯಕ್ಷರೂ ಅವರೇ. ಕಾರಾಯನ್ ಆ ಆರ್ಕೆಸ್ಟ್ರಾದ ಜೊತೆ ಬಾಲಕಿರೆವ್‌ನ ಸಿಂಫನಿ ರೆಕಾರ್ಡ್ ಮಾಡಿದ್ದು ಮೈಸೂರಿನ ದುಡ್ಡಿನಲ್ಲಿ. ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿಬಂದವು, ಫುರ್ಟ್‌ವೆಂಗ್ಲರ್ ಕಂಡಕ್ಟರ್. ಅದರ ಖರ್ಚಿನ ಹೊಣೆ ಹೊತ್ತಿದ್ದೂ ಮೈಸೂರು. ಮೆಟ್ನರ್ ಅನ್ನುವ ರಷ್ಯದ ಸಂಗೀತಗಾರರು ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದ್ದಾರೆ.

ಗಿರಣಿಯಲ್ಲಿ ಕೆಲಸ ಮಾಡುವಾಗ ಹಳೇ ರೆಕಾರ್ಡ್ ಕೂಡಿಸುವ ಹುಚ್ಚು ಇತ್ತು, ಅದಕ್ಕೇ ಗೊತ್ತು. ನೀಟ್ ಬರೆಸಿ ಅನ್ನುವುದು ಈಗಲೂ ನನ್ನ ಸಲಹೆ.

ಪೇಟಿ ಮಾಸ್ಟರ್ ಮೊಮ್ಮಗ
ಮಂಗಳವಾರ ಬೆಳಗ್ಗೆ 10:44

ಯಜಮಾನ್ರೇ, ಇಷ್ಟೆಲ್ಲ ಒಳಗೆ ಇಟ್ಟುಕೊಂಡು ಮೊದಲ ದಿನ "ಬೆನ್ನು ತೋರಿಸಿ ನಿಂತವನು" ಅಂದಿರಲ್ಲ!

ವಿದ್ಯಾನಗರದ ಅಪ್ಪ
ಮಂಗಳವಾರ ಮಧ್ಯಾಹ್ನ 3:20

ಎಲ್ಲ ಉತ್ತರವನ್ನೂ ಮನೆಯಲ್ಲಿ ಓದಿ ಹೇಳಿದೆ. ಮಗಳಿಗೆ ಖುಷಿ. ನಮ್ಮಮ್ಮನಿಗೆ ಮೆಣಸಿನಕಾಯಿ ಕತೆ ಇಷ್ಟವಾಯ್ತು. ನನ್ನ ಹೆಂಡತಿ ಒಂದು ಪ್ರಶ್ನೆ ಕೇಳು ಅಂದಳು. ಇಷ್ಟು ಹೆಸರು ಹೇಳಿದ್ದೀರಿ, ಒಂದೂ ಹೆಣ್ಣಿನ ಹೆಸರಿಲ್ಲವಲ್ಲ?

ದುರ್ಗದ ಟೀಚರ್
ಮಂಗಳವಾರ ಸಂಜೆ 5:15

ನಿಮ್ಮ ಮನೆಯವರು ಕೇಳಿದ್ದು ಸರಿಯಾದ ಪ್ರಶ್ನೆ. ಬಹಳ ಕಾಲ ಹೆಸರೇ ಇರಲಿಲ್ಲ. ವಿಯೆನ್ನಾ ಫಿಲ್ಹಾರ್ಮೊನಿಕ್ ಹೆಣ್ಣುಮಕ್ಕಳನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಒಪ್ಪಿದ್ದೇ 1997ರಲ್ಲಿ, ಅದೂ ವಾದಕರಾಗಿ.

ಅಮೆರಿಕದ ಮರಿನ್ ಆಲ್ಸಪ್ ಹೆಸರು ಮಗಳಿಗೆ ಹೇಳಿ. ಒಂಬತ್ತು ವರ್ಷದವರಿದ್ದಾಗ ಬರ್ನ್‌ಸ್ಟೈನ್ ಕಾರ್ಯಕ್ರಮ ನೋಡಿ ಇದೇ ಆಗ್ತೀನಿ ಅಂದರಂತೆ. ಅವರೂ ಪಿಟೀಲಿನವರೇ. ಕಂಡಕ್ಟಿಂಗ್ ಓದಲು ಸೀಟು ಸಿಗಲಿಲ್ಲ. ತಾವೇ ಒಂದು ಆರ್ಕೆಸ್ಟ್ರಾ ಕಟ್ಟಿಕೊಂಡು ಅದರ ಮೇಲೆ ಕಲಿತರು. 2005ರಲ್ಲಿ ಬಾಲ್ಟಿಮೋರ್ ಸಿಂಫನಿ ಆರ್ಕೆಸ್ಟ್ರಾದ ಮುಖ್ಯಸ್ಥೆ ಅಂತ ಅವರ ಹೆಸರು ಬಂದಾಗ ವಾದಕರೇ ಬಹಿರಂಗವಾಗಿ ಬೇಡ ಅಂದರು. ಅವರೆದುರೇ ಹೋಗಿ ಮಾತಾಡಿ ಕೆಲಸ ಒಪ್ಪಿಕೊಂಡರು. 2007ರಿಂದ 2021ರವರೆಗೆ ಅಲ್ಲೇ ಇದ್ದರು. 2013ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದ ಕೊನೆಯ ರಾತ್ರಿ ನಡೆಸಿದ ಮೊದಲ ಹೆಂಗಸು ಅವರು. 2019ರಲ್ಲಿ ವಿಯೆನ್ನಾ ರೇಡಿಯೊ ಆರ್ಕೆಸ್ಟ್ರಾದ ಮುಖ್ಯಸ್ಥೆ.

ಏಷ್ಯಾದವರು ಅಂದರೆ ಜಪಾನಿನ ಸೇಜಿ ಒಜಾವಾ. ರಗ್ಬಿ ಆಡಿ ಬೆರಳು ಮುರಿದುಕೊಂಡಿದ್ದಕ್ಕೆ ಪಿಯಾನೊ ಬಿಟ್ಟು ಕಂಡಕ್ಟಿಂಗ್‌ಗೆ ಬಂದವರು. 1959ರಲ್ಲಿ ಹಡಗಿನಲ್ಲಿ ಸ್ಕೂಟರ್ ಹಾಕಿಕೊಂಡು ಯುರೋಪಿಗೆ ಹೋಗಿ ಬೆಸಾನ್ಸಾನ್ ಸ್ಪರ್ಧೆ ಗೆದ್ದರು. ವಿದೇಶದಲ್ಲಿ ಹೆಸರು ಮಾಡಿ ಊರಿಗೆ ಬಂದರೆ 1962ರಲ್ಲಿ ಟೋಕಿಯೊದ ಆರ್ಕೆಸ್ಟ್ರಾದವರೇ ಇವರ ಕೈ ಕೆಳಗೆ ನುಡಿಸಲ್ಲ ಅಂದರು. ಆಮೇಲೆ ಬಾಸ್ಟನ್‌ನಲ್ಲಿ 29 ವರ್ಷ. ಈ ಕೆಲಸದಲ್ಲಿ ನಿಮ್ಮ ಎದುರು ಕೂತವರು ಒಪ್ಪದಿದ್ದರೆ ನಿಮ್ಮ ಕಡ್ಡಿಗೆ ಸದ್ದೇ ಇಲ್ಲ.

ಬರ್ಲಿನ್‌ನಲ್ಲಿ ಹರಿಹರದವ
ಮಂಗಳವಾರ ರಾತ್ರಿ 11:30

ಟೀಚರ್ ಕೊನೆಗೆ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಬರ್ಲಿನ್ ಫಿಲ್ಹಾರ್ಮೊನಿಕ್‌ನಲ್ಲಿ ಮುಖ್ಯಸ್ಥ ಯಾರು ಅಂತ ವಾದಕರೇ ಓಟು ಹಾಕಿ ಆರಿಸುತ್ತಾರೆ. 2015ರ ಮೇ ತಿಂಗಳಲ್ಲಿ ಹನ್ನೊಂದು ಗಂಟೆ ಕೂತರೂ ತೀರ್ಮಾನ ಆಗಲಿಲ್ಲ. ಜೂನ್‌ನಲ್ಲಿ ಮತ್ತೆ ಸೇರಿ ಕಿರಿಲ್ ಪೆಟ್ರೆಂಕೊ ಅವರನ್ನು ಆರಿಸಿದರು. ಅವರು ಅಷ್ಟರಲ್ಲಿ ಅಲ್ಲಿಗೆ ಅತಿಥಿಯಾಗಿ ಬಂದಿದ್ದು ಮೂರೇ ಸಲ. ಮೂರು ವಾರದ ಕೆಲಸದಲ್ಲಿ ಅಷ್ಟು ಜನರ ನಂಬಿಕೆ!

ಈಗ ದುಡ್ಡು, ಓದಿನ ವಿಷಯ. ಜರ್ಮನಿಯಲ್ಲಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಆರ್ಕೆಸ್ಟ್ರಾಗಳೇ ನೂರಕ್ಕೂ ಹೆಚ್ಚು. ಸಣ್ಣ ಸಣ್ಣ ಊರಲ್ಲೂ ಒಪೆರಾ ಮನೆ ಇದೆ. ಇಲ್ಲಿನವರು ಹತ್ತುವ ಮೆಟ್ಟಿಲು ಹೀಗೆ. ಮೊದಲು ಒಪೆರಾ ಮನೆಯಲ್ಲಿ ಹಾಡುಗಾರರಿಗೆ ಅಭ್ಯಾಸ ಮಾಡಿಸಲು ಪಿಯಾನೊ ನುಡಿಸುವ ಕೆಲಸ. ಆರ್ಕೆಸ್ಟ್ರಾದ ಬದಲು ಒಬ್ಬರೇ ಪಿಯಾನೊದಲ್ಲಿ ಎಲ್ಲ ನುಡಿಸಬೇಕು. ಆಮೇಲೆ ಮಕ್ಕಳ ನಾಟಕಕ್ಕೆ ಕಡ್ಡಿ ಕೊಡುತ್ತಾರೆ, ಆಮೇಲೆ ಸಣ್ಣ ಒಪೆರಾ. ಕಾರಾಯನ್ ಕೂಡ 1929ರಲ್ಲಿ ಉಲ್ಮ್ ಅನ್ನುವ ಸಣ್ಣ ಊರಿನಿಂದ ಶುರು ಮಾಡಿದವರು. ನಮ್ಮ ಲೆಕ್ಕದಲ್ಲಿ ಹರಿಹರದಿಂದ ಶುರು ಮಾಡಿದ ಹಾಗೆ.

ಸರ್ಕಾರಿ ಸಂಗೀತ ಕಾಲೇಜುಗಳಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಫೀಸು ಬಹಳ ಕಡಿಮೆ. ಆದರೆ ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೊ. ಖರ್ಚು ಆಗೋದು ಇರೋದಕ್ಕೆ, ತಿನ್ನೋದಕ್ಕೆ. ಜರ್ಮನ್ ಭಾಷೆ ಬರಲೇಬೇಕು. ಪ್ರವೇಶ ಪರೀಕ್ಷೆಯಲ್ಲಿ ಪಿಯಾನೊ ಕೇಳುತ್ತಾರೆ, ಕಿವಿ ಪರೀಕ್ಷೆ ಮಾಡುತ್ತಾರೆ, ಸ್ಕೋರ್ ಮುಂದಿಟ್ಟು ಅಲ್ಲೇ ನುಡಿಸಿ ಅನ್ನುತ್ತಾರೆ. ಸೀಟು ಬೆರಳೆಣಿಕೆ.

ದುಗ್ಗಾಣಿ
ಬುಧವಾರ ಬೆಳಗ್ಗೆ 9:05

ಸುಮ್ನೆ ಓದ್ತಾ ಇದ್ದೆ, ಎಚ್ಚರಿಕೆಗೆ ಒಂದು ಮಾತು. ನನ್ನ ತಂಗಿ ಮಗ "ಆರು ತಿಂಗಳಲ್ಲಿ ಕಂಡಕ್ಟರ್" ಅಂತ ಆನ್‌ಲೈನ್ ಕೋರ್ಸಿಗೆ ನಲವತ್ತು ಸಾವಿರ ಕಟ್ಟಿದ. ಹೆಸರು ಬೇಡ. ಬಂದಿದ್ದು ಒಂದು ಕಡ್ಡಿ, ಒಂದು ಸರ್ಟಿಫಿಕೇಟ್ ಪಿಡಿಎಫ್. ಕಡ್ಡಿ ಈಗ ಅವರ ಮನೆ ಬೆಕ್ಕಿನ ಆಟಕ್ಕೆ.

ದುರ್ಗದ ಟೀಚರ್
ಬುಧವಾರ ಬೆಳಗ್ಗೆ 11:40

ಅದಕ್ಕೇ ಹೇಳೋದು, ಮೊದಲು ವಾದ್ಯ, ಆಮೇಲೆ ಕಡ್ಡಿ. ಮಗಳ ಪಿಟೀಲು ಬುನಾದಿ ಒಳ್ಳೇದು, ಆದರೆ ಅರ್ಧ ಹೊಸದಾಗಿ ಕಲಿಯಬೇಕಾಗುತ್ತೆ. ನಮ್ಮಲ್ಲಿ ನೆಲದ ಮೇಲೆ ಕೂತು ಪಿಟೀಲಿನ ತುದಿಯನ್ನು ಕಾಲಿನ ಮೇಲೆ ಊರುತ್ತೇವೆ, ತಂತಿ ಸ ಪ ಸ ಪ. ಅಲ್ಲಿ ಗದ್ದದ ಕೆಳಗೆ ಹಿಡಿದು ಕುರ್ಚಿ ಮೇಲೆ ಕೂರಬೇಕು, ಶ್ರುತಿಯೂ ಬೇರೆ. ಕಾರ್ಯಕ್ರಮದ ಮುಂಚೆ ಓಬೊ ಅನ್ನುವ ವಾದ್ಯ ಒಂದು ಸ್ವರ ಕೊಡುತ್ತೆ, ಸುಮಾರು 440 ಹರ್ಟ್ಸ್. ಎಲ್ಲರೂ ಅದಕ್ಕೇ ಶ್ರುತಿ ಮಾಡಿಕೊಳ್ಳಬೇಕು, ನಮ್ಮ ಹಾಗೆ ಹಾಡುವವರ ಗಂಟಲಿಗೆ ತಕ್ಕ ಹಾಗಲ್ಲ.

ಇನ್ನೊಂದು ಮಜಾ ಇದೆ, ಮಾಸ್ಟರಿಗೆ ಗೊತ್ತಿರುತ್ತೆ. ಬಿ ಫ್ಲಾಟ್ ಕ್ಲಾರಿನೆಟ್‌ನಲ್ಲಿ ಪುಟದ ಮೇಲೆ ಒಂದು ಸ್ವರ ಬರೆದಿರುತ್ತೆ, ಕೇಳೋದು ಒಂದು ಮನೆ ಕೆಳಗಿನದು. ಸ್ಕೋರ್ ಓದುವವರು ಇದನ್ನು ತಲೆಯಲ್ಲೇ ಬದಲಿಸಿಕೊಳ್ಳುತ್ತಾ ಹೋಗಬೇಕು. ಐದನೇ ಸಿಂಫನಿಯ ಆ ಡ ಡ ಡ ಡಾಂ ನುಡಿಸೋದು ತಂತಿ ವಾದ್ಯಗಳು, ಅವುಗಳ ಜೊತೆಗೆ ಕ್ಲಾರಿನೆಟ್ ಮಾತ್ರ. ಟ್ರಂಪೆಟ್ ಕೂಡ ಸುಮ್ಮನಿರುತ್ತೆ.

ಕ್ಲಾರಿನೆಟ್ ಮಾಸ್ಟರ್
ಬುಧವಾರ ಮಧ್ಯಾಹ್ನ 2:30

ಕ್ಲಾರಿನೆಟ್ ಮಾತ್ರನಾ? ಇದನ್ನ ಮೊದಲೇ ಹೇಳಬಾರದಿತ್ತಾ ಮೇಡಂ!

ಬಟ್ಟೆ ಅಂಗಡಿ ಸರ್, ಗುರುವಾರ ನಮಗೆ ಮದುವೆ ಇಲ್ಲ. ಸಂಜೆ ನಾಲ್ಕಕ್ಕೆ ಅಭ್ಯಾಸಕ್ಕೆ ಎಲ್ಲರೂ ಸೇರ್ತೀವಿ. ಮಗಳನ್ನ ಕರ್ಕೊಂಡು ಬನ್ನಿ. ನಮ್ಮ ಹುಡುಗರ ಮುಂದೆ ನಿಲ್ಲಲಿ. ಹುಬ್ಬು ಸಾಕಾ, ಕೈ ಬೇಕಾ, ಕಣ್ಣಾರೆ ನೋಡೇಬಿಡೋಣ.

ವಿದ್ಯಾನಗರದ ಅಪ್ಪ
ಗುರುವಾರ ರಾತ್ರಿ 9:45

ಹೋಗಿ ಬಂದ್ವಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಶೆಡ್ಡಿನಲ್ಲಿ ಹನ್ನೆರಡು ಜನ ಪ್ಲಾಸ್ಟಿಕ್ ಕುರ್ಚಿ ಮೇಲೆ. ಮಾಸ್ಟರ್ ಫೋನಿನಲ್ಲಿ ಆ ಡ ಡ ಡ ಡಾಂ ಹಾಕಿ ಎಲ್ಲರಿಗೂ ಎರಡು ಸಲ ಕೇಳಿಸಿದರು. ಓದಿ ನುಡಿಸುವವರು ಇಬ್ಬರೇ, ಉಳಿದವರು ಕೇಳಿ ನುಡಿಸುವವರು. ಟ್ರಂಪೆಟ್ ಸುಮ್ಮನಿರಬೇಕು ಅಂದಿದ್ದಕ್ಕೆ ಟ್ರಂಪೆಟ್‌ನವರು ಒಪ್ಪಲಿಲ್ಲ, ಅವರನ್ನೂ ಸೇರಿಸಿಕೊಂಡೆವು. ಬೀಥೋವನ್ ಕ್ಷಮಿಸಲಿ.

ಮಗಳ ಕೈಯಲ್ಲಿ ಊದಿನಕಡ್ಡಿ. ಮೊದಲನೇ ಸಲ ಕೈ ಇಳಿಸಿದಳು, ಮೂರು ಜನ ನುಡಿಸಿದರು, ಒಂಬತ್ತು ಜನ ಅವರನ್ನು ನೋಡಿದರು. ಎರಡನೇ ಸಲ ಎಲ್ಲರೂ ನುಡಿಸಿದರು, ಆದರೆ ಅಕ್ಕಿ ಚೆಲ್ಲಿದ ಹಾಗೆ. ಮೂರು, ನಾಲ್ಕೂ ಹಾಗೇ. ಅವಳ ಮುಖ ಸಣ್ಣಗಾಯ್ತು. ಆಗ ಯುಫೋನಿಯಂ ಊದುವ ಹಿರಿಯರು, "ಅವ್ವಾ, ನೀನು ಉಸಿರು ಬಿಡ್ತಿದ್ದೀಯ, ಎಳಿ. ನೀನು ಎಳೆದ್ರೆ ನಾವೂ ಎಳಿತೀವಿ" ಅಂದರು. ಬರ್ಲಿನ್‌ನವರು ಬರೆದಿದ್ದೂ ಅದೇ ಅಲ್ವಾ? ಐದನೇ ಸಲ ಉಸಿರು ಎಳೆದುಕೊಂಡು ಕೈ ಎತ್ತಿದಳು. ಕೈ ಬಿತ್ತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹನ್ನೆರಡೂ ಜನ ಒಟ್ಟಿಗೆ. ಶೆಡ್ಡಿನ ತಗಡು ಅದುರಿತು! ನನ್ನ ಮೈ ಜುಮ್ಮೆಂದಿತು, ಸುಳ್ಳಲ್ಲ.

ನೀಟ್ ಕೂಡ ಬರೀತಾಳಂತೆ, ಹತ್ತಿಗಿರಣಿ ಅವರೇ. ಜೊತೆಗೆ ಟೀಚರ್ ಹತ್ತಿರ ಭಾನುವಾರ ಭಾನುವಾರ ದುರ್ಗಕ್ಕೆ ಬಸ್ಸಿನಲ್ಲಿ ಹೋಗಿ ಬರುವುದು ಅಂತ ಮಾತಾಗಿದೆ.

ಕ್ಲಾರಿನೆಟ್ ಮಾಸ್ಟರ್
ಗುರುವಾರ ರಾತ್ರಿ 10:10

ಐದನೇ ಸಲದ್ದು ಚೆನ್ನಾಗಿತ್ತು. ಹುಡುಗರು ಇನ್ನೂ ಅದನ್ನೇ ನುಡಿಸ್ತಾ ಕೂತಿದ್ದಾರೆ, ಶನಿವಾರದ ಮದುವೆಯಲ್ಲಿ ನುಡಿಸೋಣ ಅಂತಾರೆ, ನಾನು ಬೇಡ ಅಂದೆ.

ಒಂದೇ ತಪ್ಪು. ಬಲಗೈ ಏನು ಮಾಡುತ್ತೋ ಎಡಗೈಯೂ ಅದನ್ನೇ ಮಾಡ್ತಿತ್ತು. ಯಾವ ಕೈ ನೋಡಬೇಕು ಅಂತ ಹುಡುಗರಿಗೆ ಗೊಂದಲ. ಮುಂದಿನ ವಾರ ಎಡಗೈ ಜೇಬಿನಲ್ಲಿ ಇಟ್ಟುಕೊಂಡು ನಿಲ್ಲಲಿ.

ವಿದ್ಯಾನಗರದ ಅಪ್ಪ
ಗುರುವಾರ ರಾತ್ರಿ 10:14

ಚೂಡಿದಾರಕ್ಕೆ ಜೇಬು ಇಲ್ಲ ಮಾಸ್ಟರ್.

ಬೆಣ್ಣೆದೋಸೆ ಭಕ್ತ
ಗುರುವಾರ ರಾತ್ರಿ 10:15

ಎಡಗೈಗೆ ಟಿಕೆಟ್ ಮಷಿನ್ ಕೊಡಿ.